ಬೋರ್ಡು, ದುಭಾಷಿ, ವಿಡಿಯೊ: ವೀರಗಲ್ಲಿನ ಮುಂದೆ ಮೂರನ್ನೂ ಮಾಡಿ ನೋಡಿದೆವು

ಕೋಲಾರದಲ್ಲಿ ನಾನು ರಜಾ ದಿನ ಕೈಜೋಡಿಸುವ ಪುಟ್ಟ ಸಂಗ್ರಹಾಲಯವೊಂದಿದೆ. ಎರಡು ಕೋಣೆ, ಒಂದು ಜಗಲಿ. ಕೆರೆ ಏರಿ, ಹೊಲದ ಬದುಗಳಿಂದ ಬಂದ ವೀರಗಲ್ಲುಗಳೇ ಜಾಸ್ತಿ. ಹುಟ್ಟಿನಿಂದ ಕಿವಿ ಕೇಳದ ನನ್ನ ತಮ್ಮನನ್ನು ಮೊದಲ ಸಲ ಕರಕೊಂಡು ಹೋದಾಗ ಅವನು ಬೋರ್ಡಿನ ಮುಂದೆ ಐದು ಸೆಕೆಂಡೂ ನಿಲ್ಲಲಿಲ್ಲ.

ಹಾಗಾಗಿ ಮೊದಲು ಬೋರ್ಡು ತಿದ್ದಿದೆವು. ‘ತುರುಗೋಳಿನಲ್ಲಿ ಮಡಿದ ವೀರನ ಸ್ಮಾರಕಶಿಲೆ’ ಹೋಗಿ, ದಪ್ಪ ಅಕ್ಷರದಲ್ಲಿ ‘ಹಸು ಕದಿಯಲು ಬಂದವರ ಜೊತೆ ಹೋರಾಡಿ ಸತ್ತವನ ಕಲ್ಲು’ ಎಂದಾಯಿತು. ಖರ್ಚು ಕಡಿಮೆ, ನಮಗೆ ಖುಷಿ. ತಮ್ಮ ಓದಿ, ‘ಹಾಗಾದರೆ ಇವನೂ ಕಳ್ಳನಾ?’ ಎಂದು ಸನ್ನೆ ಮಾಡಿದ. ‘ಜೊತೆ’ ಎಂದರೆ ಅವನಿಗೆ ಜೊತೆಯೇ. ಅವನ ಮೊದಲ ಭಾಷೆ ಕನ್ನಡವಲ್ಲ, ಸನ್ನೆ. ಅದರ ವ್ಯಾಕರಣವೇ ಬೇರೆ: ‘ಯಾರು’, ‘ಎಲ್ಲಿ’ ವಾಕ್ಯದ ಕೊನೆಗೆ ಬರುತ್ತವೆ, ನಮ್ಮ ವಿಭಕ್ತಿ ಪ್ರತ್ಯಯಗಳು ಅಲ್ಲಿಲ್ಲ. ಕಿವಿ ಕೇಳದವರಿಗೆ ಬರೆದುಕೊಟ್ಟರೆ ಸಾಕು ಅನ್ನುವುದು ಕೇಳುವವರ ಲೆಕ್ಕಾಚಾರ.

ಆಮೇಲೆ ಒಂದು ಭಾನುವಾರ ಬೆಂಗಳೂರಿನಿಂದ ಸನ್ನೆ ಭಾಷೆಯ ದುಭಾಷಿಯೊಬ್ಬರನ್ನು ಕರೆಸಿದೆವು. ತಮ್ಮನ ಗೆಳೆಯರೆಲ್ಲ ಬಂದರು, ಪ್ರಶ್ನೆಗಳ ಸುರಿಮಳೆ. ಈ ಸುಖ ಬೇರೆ ಯಾವುದರಲ್ಲೂ ಇಲ್ಲ. ಆದರೆ ನಾವು ಕಲ್ಲು ನೋಡುತ್ತಲೇ ವಿವರಣೆ ಕೇಳಬಲ್ಲೆವು. ಅವರು ಒಂದೋ ದುಭಾಷಿಯ ಕೈ ನೋಡಬೇಕು, ಇಲ್ಲ ಕಲ್ಲು. ನಾನು ನಿಲ್ಲಿಸದೆ ಮಾತಾಡಿದ್ದರಿಂದ ಅರ್ಧ ಜನ ಕಲ್ಲನ್ನು ನೋಡಲೇ ಇಲ್ಲ. ‘ವೀರಗಲ್ಲು’ ಎನ್ನಲು ದುಭಾಷಿಯ ಬಳಿ ಸನ್ನೆಯಿರಲಿಲ್ಲ, ಒಂದೊಂದೇ ಅಕ್ಷರ ತೋರಿಸುತ್ತಿದ್ದರು. ಬೇಸತ್ತ ತಮ್ಮ ಎದೆಗೆ ಬೆರಳು ಚುಚ್ಚಿಕೊಂಡು, ಅದೇ ಕೈಯನ್ನು ತಲೆಯ ಮೇಲಕ್ಕೆತ್ತಿದ. ಬಾಣ ತಗುಲಿತು, ಸ್ವರ್ಗಕ್ಕೆ ಹೋದ. ಅಲ್ಲಿಂದ ಎಲ್ಲರದೂ ಅದೇ ಸನ್ನೆ.

ಮೂರನೆಯದು ಅವನೇ ಮಾಡಿದ ಎರಡು ನಿಮಿಷದ ವಿಡಿಯೊ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ, ನೆತ್ತಿಯಲ್ಲಿ ಸೂರ್ಯ ಚಂದ್ರ. ಒಂದು ಪಟ್ಟಿಕೆ ಹೇಳಿ ಕೈ ಇಳಿಸುತ್ತಾನೆ, ಕ್ಯಾಮೆರಾ ಕಲ್ಲಿನ ಮೇಲೆ ನಿಲ್ಲುತ್ತದೆ, ಮತ್ತೆ ಅವನು. ಒಂದಕ್ಕೇ ದುಡ್ಡಿದ್ದರೆ ಕಣ್ಣುಮುಚ್ಚಿ ಇದಕ್ಕೇ ಹಾಕಿ ಎನ್ನುತ್ತೇನೆ. ಪ್ರಶ್ನೆಗೆ ಉತ್ತರ ಕೊಡುವುದಿಲ್ಲ, ಅದೊಂದು ಕೊರತೆ. ಕಲ್ಲುಗೋಡೆಯೊಳಗೆ ನೆಟ್‌ವರ್ಕ್ ಸಿಗದೆ ಕ್ಯೂಆರ್ ಕೋಡ್ ಕೈಕೊಟ್ಟಿತು. ಈಗ ಹಳೆಯ ಟ್ಯಾಬ್ ಒಂದರಲ್ಲಿ ಓಡುತ್ತದೆ. ಅದನ್ನೂ ನಮ್ಮ ಎತ್ತರಕ್ಕೇ ಜಡಿದಿದ್ದೆವು. ಗಾಲಿಕುರ್ಚಿಯ ಅಮ್ಮ ಕತ್ತು ನೋಯುತ್ತೆ ಅಂದ ಮೇಲೆ ಕೆಳಗಿಳಿಸಿದೆವು.

ಕಣ್ಣು ಕಾಣದವರು ಮುಟ್ಟಿ ನೋಡುವುದಕ್ಕೆ ವೀರಗಲ್ಲಿನ ಎರಡು ಪ್ರತಿ ಮಾಡಿಸಿದ್ದೆವು, ತ್ರೀಡಿ ಪ್ರಿಂಟ್ ಒಂದು, ಪ್ಲಾಸ್ಟರ್ ಒಂದು. ಕಣ್ಣು ಕಾಣದ ಗೆಳೆಯ ಪ್ರಿಂಟಿನ ಮೇಲೆ ಬೆರಳಾಡಿಸಿ, “ಇದೇನಣ್ಣ, ಮೈಯೆಲ್ಲ ಗೆರೆ ಐತೆ, ಶಾಸನಾನಾ?” ಅಂದ. ಪ್ಲಾಸ್ಟಿಕ್ಕಿನ ಪದರಗಳು ಬೆರಳಿಗೆ ಹಾಗೆ ಸಿಕ್ಕುತ್ತವೆ. ಪ್ಲಾಸ್ಟರಿನದು ಮೂಲೆ ಕಿತ್ತುಹೋಗಿದ್ದರೂ ಗೆದ್ದಿತು.

ಮೆಟ್ಟಿಲಿಗೆ ಮಾತ್ರ ಪೈಪೋಟಿಯೇ ಇಲ್ಲ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕು ಎಂಬ ಲೆಕ್ಕ ಗೊತ್ತಿದ್ದೂ, ಹೇಗಿದ್ದರೂ ಇದೆಯಲ್ಲ ಎಂದು ಐದಡಿಯ ಹಲಗೆ ಇಟ್ಟೆವು. ಅಮ್ಮನ ಕುರ್ಚಿ ಅರ್ಧದಲ್ಲೇ ಹಿಂದಕ್ಕೆ ಜಾರಿತು, ನಾನು ಹಿಂದೆ ಇದ್ದೆನಾಗಿ ಬಚಾವು. ಸಿಮೆಂಟಿನ ಇಳಿಜಾರು ಹಾಕಿಸಿದ್ದಾಯಿತು. ಹಲಗೆ ಈಗ ಪ್ಲಾಸ್ಟರ್ ಪ್ರತಿಯ ಕೆಳಗೆ ಮೇಜಾಗಿದೆ.