ಮಲೆನಾಡಿನ ಮನೆಯಲ್ಲಿ ಐಸು: ಮೂರು ಯಂತ್ರಗಳನ್ನು ಬಳಸಿ ನೋಡಿದ ಹೋಲಿಕೆ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗಿರುವ ನಮ್ಮ ಮನೆಯಲ್ಲಿ ಅಡಿಕೆ ತೋಟದ ಜೊತೆಗೆ ನಾಲ್ಕು ಕೋಣೆಗಳ ಹೋಮ್‌ಸ್ಟೇ ಇದೆ. ಮನೆಗೆ ಬಂದವರಿಗೆ ಮೊದಲು ಆಸರಿಗೆ ಕೊಡುವುದು ನಮ್ಮ ಕಡೆಯ ರೂಢಿ. ಮಾರ್ಚ್‌ನಿಂದ ಮೇ ಮುಗಿಯುವವರೆಗೆ ಅದು ಮುರುಗಲು ಶರಬತ್ತೋ ನಿಂಬೆ ಪಾನಕವೋ ಆಗಿರುವುದರಿಂದ ದಿನಕ್ಕೆ ಸುಮಾರು 6 ಕೆಜಿ ಐಸು ಬೇಕಾಗುತ್ತದೆ. ಉಪನಯನದಂತಹ ಕಾರ್ಯವಿದ್ದರೆ 30 ಕೆಜಿಯಾದರೂ ಬೇಕು. ಫ್ರಿಜ್ಜಿನ ಎರಡು ಟ್ರೇಗಳಿಂದ ಅದು ಆಗುವ ಕೆಲಸವಲ್ಲ. ಹಾಗಾಗಿ ಕೆಲವು ಬೇಸಿಗೆಗಳಲ್ಲಿ ಒಂದಾದ ಮೇಲೊಂದರಂತೆ ಮೂರು ಬಗೆಯ ಯಂತ್ರಗಳನ್ನು ತಂದು ಬಳಸಿದ್ದೇನೆ. ಕೊಳ್ಳುವ ಬೆಲೆಗಿಂತ ಮನೆಯ ನೀರು, ಕರೆಂಟು ಮತ್ತು ರಿಪೇರಿಯವನ ದೂರ ಹೆಚ್ಚು ಮುಖ್ಯ ಎಂಬುದು ನನಗೆ ಖರ್ಚು ಮಾಡಿದ ಮೇಲೆಯೇ ತಿಳಿಯಿತು.

ಮೊದಲು ತಂದದ್ದು ಕಟ್ಟೆಯ ಮೇಲಿಡುವ ಸಣ್ಣ ಯಂತ್ರ. ಬೆಲೆ 11,500 ರೂಪಾಯಿ. ಇದಕ್ಕೆ ನಲ್ಲಿಯ ಸಂಪರ್ಕ ಬೇಡ. ತೊಟ್ಟಿಗೆ ನೀರು ಸುರಿದರೆ ತಣ್ಣನೆಯ ಲೋಹದ ಕಡ್ಡಿಗಳ ಸುತ್ತ ಐಸು ಕಟ್ಟಿ, ಒಂದು ಸರದಿಗೆ ಒಂಬತ್ತು ಟೊಳ್ಳು ತುಂಡುಗಳು ಬೀಳುತ್ತವೆ. ಆರು ನಿಮಿಷಕ್ಕೆ ಒಂದು ಸರದಿ, ದಿನಕ್ಕೆ 12 ಕೆಜಿ ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ಏಪ್ರಿಲ್ ಮಧ್ಯಾಹ್ನ ಅಡುಗೆಮನೆ 33 ಡಿಗ್ರಿ ಇದ್ದಾಗ ಗಡಿಯಾರ ನೋಡಿ ಎಣಿಸಿದೆ. ಸರದಿಗೆ 11 ನಿಮಿಷ ಹಿಡಿಯಿತು. ಬೆಳಗಿನಿಂದ ಸಂಜೆಯವರೆಗೆ ಓಡಿಸಿದರೂ ತಕ್ಕಡಿಯಲ್ಲಿ 5 ಕೆಜಿ ದಾಟಲಿಲ್ಲ. ತುಂಡುಗಳು ಟೊಳ್ಳಾದ್ದರಿಂದ ಲೋಟದಲ್ಲಿ ಬೇಗ ಕರಗಿ ಶರಬತ್ತನ್ನು ನೀರಾಗಿಸುತ್ತವೆ. ಎರಡನೆಯ ಬೇಸಿಗೆಯ ಕೊನೆಗೆ ಅದರ ಪಂಪು ನಿಂತಿತು, ಬಿಡಿಭಾಗ ಎಲ್ಲಿಯೂ ಸಿಗಲಿಲ್ಲ. ಇಬ್ಬರು ಮೂವರಿರುವ ಮನೆಗೆ ಇದು ಸಾಕಾಗಬಹುದು, ನಮಗೆ ಸಾಲಲಿಲ್ಲ.

ಆಮೇಲೆ ಮನಸ್ಸು ಮಾಡಿ, ಅಡುಗೆಕಟ್ಟೆಯ ಕೆಳಗೆ ಕೂರಿಸುವ ದೊಡ್ಡ ಯಂತ್ರಕ್ಕೆ 52,000 ರೂಪಾಯಿ ಕೊಟ್ಟೆ. ಅದರ ಐಸಿನ ಗುಣವನ್ನು ಮೊದಲು ಹೇಳದಿದ್ದರೆ ತಪ್ಪಾಗುತ್ತದೆ. ತಣ್ಣನೆಯ ತಗಡಿನ ಮೇಲೆ ನೀರು ನಿರಂತರ ಹರಿಯುತ್ತ ಪದರ ಪದರವಾಗಿ ಹೆಪ್ಪುಗಟ್ಟುವುದರಿಂದ ನೀರಿನೊಳಗಿನ ಗಾಳಿಯೂ ಲವಣವೂ ಹೊರಗೇ ಉಳಿಯುತ್ತವೆ. ತುಂಡು ಗಾಜಿನಷ್ಟು ತಿಳಿಯಾಗಿರುತ್ತದೆ. ಮುರುಗಲಿನ ಕೆಂಪು ನೀರಿಗೆ ಹಾಕಿದರೆ ಅದು ಇದೆಯೋ ಇಲ್ಲವೋ ಎಂಬಂತೆ ಕಾಣುತ್ತದೆ, ಲೋಟ ಖಾಲಿಯಾಗುವವರೆಗೂ ಪೂರ್ತಿ ಕರಗುವುದಿಲ್ಲ. ಉಳಿದ ಎರಡು ಬಗೆಗಳಲ್ಲಿ ಇಂಥ ಐಸು ಸಲೀಸಾಗಿ ಸಿಗುವುದಿಲ್ಲ.

ಆದರೆ ಕೂರಿಸಿದ ಮರುದಿನವೇ ಯಂತ್ರ ನೀರಿಲ್ಲವೆಂಬ ದೀಪ ತೋರಿಸಿ ನಿಂತಿತು. ಇಂಥ ಯಂತ್ರದ ಒಳಹರಿವಿನ ವಾಲ್ವಿಗೆ ನಿಗದಿತ ಒತ್ತಡದ ನೀರು ಬೇಕು, ನಮ್ಮದರ ಪುಸ್ತಕದಲ್ಲಿ ಕನಿಷ್ಠ 1 ಬಾರ್ ಎಂದಿತ್ತು. ನೀರು ಹತ್ತು ಮೀಟರ್ ಎತ್ತರದಿಂದ ಇಳಿದರೆ ಮಾತ್ರ ಅಷ್ಟು ಒತ್ತಡ ಬರುತ್ತದೆ. ನಮ್ಮ ತಾರಸಿಯ ಟ್ಯಾಂಕಿಗೂ ಅಡುಗೆಮನೆಗೂ ಇರುವ ಎತ್ತರ ನಾಲ್ಕು ಮೀಟರ್. ಮಾರಿದವರು ಇದನ್ನು ಕೇಳಲೂ ಇಲ್ಲ, ಹೇಳಲೂ ಇಲ್ಲ. ಪ್ರೆಷರ್ ಪಂಪಿಗೆ 6,500, ಫಿಲ್ಟರಿಗೆ 2,500, ಸ್ಟೆಬಿಲೈಸರಿಗೆ 3,000, ಕರಗಿದ ನೀರು ಹೊರಗೆ ಹೋಗಲು ನೆಲ ಒಡೆದು ಪೈಪು ಹಾಕಿಸಿದ್ದಕ್ಕೆ 4,000 ಸೇರಿ ಯಂತ್ರದ ನಿಜವಾದ ಬೆಲೆ 68,000 ರೂಪಾಯಿ ಆಯಿತು.

ಮಾರ್ಚ್ ಕೊನೆಗೆ ಬಾವಿಯ ನೀರು ತಳ ಕಂಡಾಗ ಬೋರ್‌ವೆಲ್ಲಿಗೆ ಬದಲಾಯಿಸಬೇಕಾಯಿತು. ಬಾವಿಯ ನೀರು ಮೃದುವಾಗಿದ್ದುದರಿಂದ ಪದರಗಟ್ಟುವ ಸುಣ್ಣದ ತೊಂದರೆ ಇರಲಿಲ್ಲ, ಬೋರ್‌ವೆಲ್ಲಿನಲ್ಲಿ ಮಾತ್ರ ಕಬ್ಬಿಣದ ಅಂಶ ಹೆಚ್ಚು. ಮೂರು ವಾರಗಳಲ್ಲಿ ಐಸು ನಿಧಾನವಾದಾಗ ವಾಲ್ವಿನ ಬಾಯಿಯ ಜಾಲರಿಯನ್ನು ಬಿಚ್ಚಿದೆ. ಬೆರಳ ತುದಿಯಷ್ಟು ಅಗಲದ ಆ ಜಾಲರಿಯ ಮೇಲೆ ಜಂಬಿಟ್ಟಿಗೆಯ ಬಣ್ಣದ ಕೆಸರು ಕಟ್ಟಿಕೊಂಡಿತ್ತು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೂ ಬೆರಳಿನ ಕೆಂಪು ಎರಡು ದಿನ ಹೋಗಲಿಲ್ಲ. ಅಂದಿನಿಂದ ಹದಿನೈದು ದಿನಕ್ಕೊಮ್ಮೆ ಅದನ್ನು ತೊಳೆಯುವುದು ನನ್ನ ಕೆಲಸವಾಯಿತು.

ಅದಕ್ಕಿಂತ ದೊಡ್ಡ ತೊಡಕು ಕರೆಂಟಿನದು. ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು ಮಳೆಗೆ ಮರ ಬಿದ್ದು ತಂತಿ ಹರಿಯುವುದು ನಮ್ಮಲ್ಲಿ ಹೊಸದಲ್ಲ, ಅದೇ ಮದುವೆ ಮುಂಜಿಗಳ ಕಾಲವೂ ಹೌದು. ಈ ಯಂತ್ರ ಫ್ರೀಜರ್ ಅಲ್ಲ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ತಿಳಿ ಐಸಿನ ಯಂತ್ರದಲ್ಲಿ ಐಸು ಬೀಳುವ ಪೆಟ್ಟಿಗೆಗೆ ಶಾಖ ತಡೆಯುವ ಹೊದಿಕೆ ಮಾತ್ರ ಇರುತ್ತದೆ, ತಂಪು ಮಾಡುವ ವ್ಯವಸ್ಥೆ ಇರುವುದಿಲ್ಲ. ಕರೆಂಟು ಇದ್ದಾಗಲೂ ಅಲ್ಲಿ ಐಸು ನಿಧಾನವಾಗಿ ಕರಗುತ್ತ, ಹೊಸತು ಬೀಳುತ್ತ ಇರುತ್ತದೆ. ಸಂಜೆ ಹೋದ ಕರೆಂಟು ಬೆಳಿಗ್ಗೆ ಬಂದಾಗ ಪೆಟ್ಟಿಗೆಯಲ್ಲಿ ಉಳಿದಿದ್ದು ಒಂದು ಬೊಗಸೆ. ಇನ್ನೊಂದು ಮಾತು: ದಿನಕ್ಕೆ 25 ಕೆಜಿ ಎಂದು ಬರೆದಿದ್ದರೂ ಪೆಟ್ಟಿಗೆಯಲ್ಲಿ ಹಿಡಿಯುವುದು 6 ಕೆಜಿ, ತುಂಬಿದೊಡನೆ ಯಂತ್ರ ತಾನೇ ನಿಲ್ಲುತ್ತದೆ. ಕಾರ್ಯದ ಮನೆಗೆ ಮುಂಚಿತವಾಗಿ ಕೂಡಿಡಬೇಕಾದರೆ ಅದಕ್ಕೆ ಬೇರೆ ಫ್ರೀಜರೇ ಬೇಕು. ಆ 25 ಕೆಜಿಯೂ 21 ಡಿಗ್ರಿ ಗಾಳಿ ಮತ್ತು 10 ಡಿಗ್ರಿ ನೀರಿನ ಲೆಕ್ಕ. 32 ಡಿಗ್ರಿ ಗಾಳಿ ಮತ್ತು 21 ಡಿಗ್ರಿ ನೀರಿನ ಲೆಕ್ಕವನ್ನೂ ಕೆಲವು ಕಂಪನಿಗಳು ಕೊಡುತ್ತವೆ. ಕೊಳ್ಳುವವರು ಅದನ್ನೇ ಕೇಳಿ ಪಡೆಯಬೇಕು.

ಎರಡನೆಯ ವರ್ಷ ಐಸು ತಗಡಿನಿಂದ ಬಿಟ್ಟುಕೊಳ್ಳದಾಯಿತು. ಕಟ್ಟಿದ ಐಸನ್ನು ಬಿಡಿಸಲು ಬಿಸಿ ಅನಿಲವನ್ನು ಹರಿಸುವ ವಾಲ್ವಿನ ಕಾಯಿಲ್ ಸುಟ್ಟುಹೋಗಿತ್ತು. ಶಿವಮೊಗ್ಗದಿಂದ ರಿಪೇರಿಯವರು ಬಂದದ್ದು ಹನ್ನೊಂದು ದಿನಗಳ ನಂತರ, ಅಷ್ಟರಲ್ಲಿ ತಂಗಿಯ ಮಗನ ಉಪನಯನ ಮುಗಿದಿತ್ತು. ಪಾನಕಕ್ಕೆ ಪೇಟೆಯಿಂದ ಐಸುಗಡ್ಡೆಯನ್ನು ಗೋಣಿಯಲ್ಲಿ ಸುತ್ತಿ ತಂದೆವು. ಬಂದವರಿಗೆ ಬೆಚ್ಚನೆಯ ಪಾನಕ ಕೊಡಬೇಕಾಗಲಿಲ್ಲ ನಿಜ, ಆದರೂ ಅಷ್ಟು ದುಡ್ಡು ಸುರಿದ ಯಂತ್ರ ಬೇಕಾದ ದಿನವೇ ಕೈಕೊಟ್ಟದ್ದು ನನಗೆ ಬಹಳ ನೋವು ಕೊಟ್ಟಿತು.

ಮೂರನೆಯದು 100 ಲೀಟರಿನ ಸಾಧಾರಣ ಡೀಪ್ ಫ್ರೀಜರ್, 14,500 ರೂಪಾಯಿ. ಮುಚ್ಚಳವಿರುವ ಟ್ರೇಗಳಿಗೆ ಇನ್ನೂ 1,200. ಇದಕ್ಕೆ ಒತ್ತಡದ ನೀರೂ ಬೇಡ, ಹೊರಹರಿವೂ ಬೇಡ. ದಿನಕ್ಕೆ 6 ಕೆಜಿ ಐಸು ಸಲೀಸಾಗಿ ಆಗುತ್ತದೆ. ಕಾರ್ಯಕ್ಕೆ ಐದು ದಿನ ಮುಂಚೆ ಶುರು ಮಾಡಿದರೆ 30 ಕೆಜಿ ಕೂಡುತ್ತದೆ. ತುಂಬಿದ ಫ್ರೀಜರಿನ ಮುಚ್ಚಳ ತೆರೆಯದೆ ಇಟ್ಟರೆ ಒಂದು ರಾತ್ರಿ ಕರೆಂಟಿಲ್ಲದಿದ್ದರೂ ಐಸು ಐಸಾಗಿಯೇ ಇರುತ್ತದೆ. ಕೆಲಸ ಮಾತ್ರ ಕೈಯದ್ದು: ದಿನಕ್ಕೆ ಎರಡು ಸಲ ಟ್ರೇ ತುಂಬಬೇಕು, ಬಿಡಿಸಬೇಕು. ಎಲ್ಲ ಕಡೆಯಿಂದಲೂ ಹೆಪ್ಪುಗಟ್ಟುವುದರಿಂದ ಗಾಳಿ ನಡುವೆ ಸಿಕ್ಕಿಕೊಂಡು ತುಂಡಿನ ಹೊಟ್ಟೆ ಬೆಳ್ಳಗಿರುತ್ತದೆ. ತಿಳಿ ಐಸು ಬೇಕೆಂದಾಗ ಮುಚ್ಚಳ ತೆಗೆದ ಥರ್ಮೋಕೋಲ್ ಡಬ್ಬಿಯಲ್ಲಿ ನೀರಿಡುತ್ತೇನೆ. ಮೇಲಿನಿಂದ ಕೆಳಕ್ಕೆ ಮಾತ್ರ ಹೆಪ್ಪುಗಟ್ಟುವುದರಿಂದ, ತಳದ ನೀರು ಗಟ್ಟಿಯಾಗುವ ಮೊದಲೇ ತೆಗೆದರೆ ಮೇಲಿನ ಗಡ್ಡೆ ತಿಳಿಯಾಗಿ ಬರುತ್ತದೆ.

ಖರ್ಚಿನ ಲೆಕ್ಕ ಹೀಗಿದೆ. ವರ್ಷಕ್ಕೆ 90 ದಿನ, ದಿನಕ್ಕೆ 6 ಕೆಜಿಯಂತೆ ಏಳು ವರ್ಷಕ್ಕೆ 3,780 ಕೆಜಿ. ದೊಡ್ಡ ಯಂತ್ರದ 68,000 ರೂಪಾಯಿಯನ್ನು ಅದಕ್ಕೆ ಹಂಚಿದರೆ ಕೆಜಿಗೆ 18 ರೂಪಾಯಿ. ಮೀಟರ್ ಹಾಕಿ ನೋಡಿದಾಗ ಅದು ದಿನಕ್ಕೆ ಮೂರೂವರೆ ಯೂನಿಟ್ ಎಳೆಯುತ್ತಿತ್ತು. ಯೂನಿಟ್ಟಿಗೆ 6 ರೂಪಾಯಿಯಂತೆ ಕೆಜಿಗೆ ಇನ್ನೂ ಮೂರೂವರೆ ರೂಪಾಯಿ, ರಿಪೇರಿ ಬೇರೆ. ಫ್ರೀಜರಿನಲ್ಲಿ ಬೆಲೆಯ ಪಾಲು ಕೆಜಿಗೆ ನಾಲ್ಕು ರೂಪಾಯಿಯ ಆಸುಪಾಸು, ಕರೆಂಟು ಒಂದೂವರೆ ರೂಪಾಯಿ. ಅದರ ಮೇಲೆ, ಮಳೆಗಾಲದಲ್ಲಿ ದೊಡ್ಡ ಯಂತ್ರವನ್ನು ಒರೆಸಿ ಒಣಗಿಸಿ ಬೂಸಲು ಬಾರದಂತೆ ಬಾಗಿಲು ತೆರೆದಿಡಬೇಕಿತ್ತು. ಫ್ರೀಜರಿನಲ್ಲಿ ಅದೇ ತಿಂಗಳುಗಳಲ್ಲಿ ಹಲಸಿನ ಸೊಳೆ ಇರುತ್ತದೆ. ನಮ್ಮಂಥ ಮನೆಗೆ ಫ್ರೀಜರೇ ಸರಿ ಎಂದು ನಾನು ಖಚಿತವಾಗಿ ಹೇಳಬಲ್ಲೆ.

ದೊಡ್ಡ ಯಂತ್ರ ಈಗ ಶಿವಮೊಗ್ಗದಲ್ಲಿ ನಾದಿನಿಯ ಜ್ಯೂಸ್ ಅಂಗಡಿಯಲ್ಲಿದೆ. ಅಲ್ಲಿ ಮೂರು ಮಹಡಿಯ ಮೇಲಿನ ಟ್ಯಾಂಕಿನಿಂದ ನೀರು ಇಳಿಯುತ್ತದೆ, ವರ್ಷವಿಡೀ ಐಸು ಖರ್ಚಾಗುತ್ತದೆ, ರಿಪೇರಿಯವರ ಅಂಗಡಿ ಎರಡು ಬೀದಿಯಾಚೆ. ಹೋದ ವರ್ಷ ಪೂರ್ತಿ ಅದು ಒಮ್ಮೆಯೂ ನಿಲ್ಲಲಿಲ್ಲ. ಮೂರು ತಿಂಗಳಿಗೊಮ್ಮೆ ಸಿಟ್ರಿಕ್ ಆಮ್ಲದ ನೀರಿನಲ್ಲಿ ತೊಳೆದದ್ದು ಬಿಟ್ಟರೆ ಅವಳು ಅದಕ್ಕೆ ಬೇರೆ ಖರ್ಚು ಮಾಡಿಲ್ಲ. ಪ್ರೆಷರ್ ಪಂಪನ್ನು ಬಿಚ್ಚಿ ನಮಗೇ ವಾಪಸು ಕಳುಹಿಸಿದ್ದಾಳೆ.