ಎಸ್‌ಎಸ್‌ಡಿ ಇದ್ದೂ ನಿಧಾನ ಬೂಟ್: ಯಾವ ಮದ್ದು ಎಷ್ಟು ನಾಟಿತು

ಹಾರ್ಡ್ ಡಿಸ್ಕಿಗಿಂತ ಬಹಳ ಚುರುಕಾದ ಎಸ್‌ಎಸ್‌ಡಿ ಹಾಕಿದ ಮೇಲೂ ಕಂಪ್ಯೂಟರ್ ಏಳಲು (ಬೂಟ್ ಆಗಲು) ಒಂದು ನಿಮಿಷಕ್ಕಿಂತ ಜಾಸ್ತಿ ಹಿಡಿದರೆ, ಮೊದಲು ಅನುಮಾನ ಬರುವುದು ಎಸ್‌ಎಸ್‌ಡಿ ಮೇಲೆಯೇ. ನನ್ನ ಡೆಸ್ಕ್‌ಟಾಪ್ ಹೀಗೇ ಸತಾಯಿಸುತ್ತಿತ್ತು. ಹುಡುಕಿದರೆ ಪರಿಹಾರಗಳಿಗೇನೂ ಬರವಿಲ್ಲ. ಸ್ಟಾರ್ಟಪ್ ಆ್ಯಪ್ ನಿಲ್ಲಿಸಿ ಅಂತ ಒಬ್ಬರು, ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ ಅಂತ ಇನ್ನೊಬ್ಬರು, ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿ ಅಂತ ಮತ್ತೊಬ್ಬರು. ಒಂದೊಂದನ್ನೇ ಮಾಡಿ, ಅಳೆದು, ಮೊದಲಿದ್ದ ಸ್ಥಿತಿಗೆ ತಂದು, ಆಮೇಲೆ ಮುಂದಿನದಕ್ಕೆ ಹೋದೆ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಗುಣವಾಯಿತು ಅಂತ ಗೊತ್ತೇ ಆಗುವುದಿಲ್ಲ, ಅಲ್ವಾ?

ಅಳೆಯಲು ಸ್ಟಾಪ್‌ವಾಚ್ ಬೇಕಿಲ್ಲ. ಟಾಸ್ಕ್ ಮ್ಯಾನೇಜರ್ ತೆರೆದು ಸ್ಟಾರ್ಟಪ್ ಆ್ಯಪ್ಸ್ ಪುಟಕ್ಕೆ ಹೋಗಿ. ಮೇಲೆ ಬಲಗಡೆ 'ಲಾಸ್ಟ್ ಬಯಾಸ್ ಟೈಮ್' ಅಂತ ಸೆಕೆಂಡ್ ಲೆಕ್ಕ ಇರುತ್ತದೆ. ಪವರ್ ಬಟನ್ ಒತ್ತಿದ ಮೇಲೆ ಮದರ್‌ಬೋರ್ಡ್‌ನಲ್ಲಿರುವ ಬಯಾಸ್ ಎಂಬ ಸಾಫ್ಟ್‌ವೇರ್ ತನ್ನ ತಪಾಸಣೆ ಮುಗಿಸಿ ವಿಂಡೋಸ್ ಕೈಗೆ ಒಪ್ಪಿಸುವವರೆಗೆ ಹಿಡಿದ ಹೊತ್ತು ಅದು. ಹಳೆಯ ಲೆಗಸಿ ಮೋಡ್‌ನಲ್ಲಿ ಬೂಟ್ ಆಗುವ ಕಂಪ್ಯೂಟರಿನಲ್ಲಿ ಇದು ಕಾಣುವುದಿಲ್ಲ, ಅದರ ಬದಲಿಗೆ ಬಂದ ಹೊಸ ವಿಧಾನವಾದ ಯುಇಎಫ್‌ಐ ಇರಬೇಕು. ವಿಂಡೋಸ್ ಕಡೆಯ ಲೆಕ್ಕ ಈವೆಂಟ್ ವ್ಯೂವರ್‌ನಲ್ಲಿದೆ. ಡಯಾಗ್ನಾಸ್ಟಿಕ್ಸ್-ಪರ್ಫಾರ್ಮೆನ್ಸ್ ಲಾಗ್ ಒಳಗೆ ಐಡಿ 100 ಇರುವ ನಮೂದು ತೆರೆದರೆ ಬೂಟ್‌ಗೆ ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಅಂತ ಬರೆದಿರುತ್ತದೆ. 101 ಇದ್ದರೆ ತಡ ಮಾಡಿದ್ದು ಯಾವುದೋ ಆ್ಯಪ್, 102 ಇದ್ದರೆ ಡ್ರೈವರ್ (ಯಂತ್ರದ ಭಾಗಗಳನ್ನು ನಡೆಸುವ ಸಾಫ್ಟ್‌ವೇರ್), 103 ಇದ್ದರೆ ಸರ್ವಿಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ).

ನನ್ನಲ್ಲಿ ಬಯಾಸ್ ಟೈಮ್ 30 ಸೆಕೆಂಡ್ ದಾಟಿತ್ತು. ಅಂದರೆ ಅರ್ಧ ಹೊತ್ತು ವಿಂಡೋಸ್ ಇನ್ನೂ ಕಣ್ಣೇ ಬಿಟ್ಟಿರಲಿಲ್ಲ. ಜನ ಹೇಳುವ ಮದ್ದುಗಳಲ್ಲಿ ಬಹುಪಾಲು ವಿಂಡೋಸ್ ಒಳಗಿನವು. ಅವು ಈ 30 ಸೆಕೆಂಡನ್ನು ಮುಟ್ಟುವುದೂ ಇಲ್ಲ.

ಆದರೂ ಎಲ್ಲರೂ ಹೇಳುವ ಸ್ಟಾರ್ಟಪ್ ಆ್ಯಪ್‌ಗಳಿಂದಲೇ ಶುರು ಮಾಡಿದೆ. 'ಹೈ ಇಂಪ್ಯಾಕ್ಟ್' ಅಂತ ತೋರಿಸುತ್ತಿದ್ದ ಚಾಟ್ ಆ್ಯಪ್, ಕ್ಲೌಡ್ ಸಿಂಕ್, ಪ್ರಿಂಟರ್ ಸಹಾಯಕ ಎಲ್ಲವನ್ನೂ ನಿಲ್ಲಿಸಿದೆ. ಪಾಸ್‌ವರ್ಡ್ ಕೇಳುವ ಪರದೆ ಒಂದು ಸೆಕೆಂಡೂ ಬೇಗ ಬರಲಿಲ್ಲ. ಈ ಆ್ಯಪ್‌ಗಳು ಶುರುವಾಗುವುದೇ ಲಾಗಿನ್ ಆದ ಮೇಲೆ, ಬೇಗ ಬರುವುದಾದರೂ ಹೇಗೆ? ಆದರೆ ಡೆಸ್ಕ್‌ಟಾಪ್ ಬಂದ ಮೇಲೆ ಮೌಸ್ ತಡವರಿಸುತ್ತಿದ್ದುದು ನಿಂತಿತು. ನಿಮ್ಮ ತೊಂದರೆ ಅಷ್ಟೇ ಆಗಿದ್ದರೆ ಇದಕ್ಕಿಂತ ಸುಲಭದ ದಾರಿ ಬೇರೆ ಇಲ್ಲ.

ಇದೇ ಸಾಲಿಗೆ ಸೇರಿದ ಇನ್ನೊಂದು ಸಲಹೆ, ವಿಂಡೋಸ್‌ನ ಎಂಎಸ್‌ಕಾನ್ಫಿಗ್ ಎಂಬ ಸೆಟ್ಟಿಂಗ್ ಪರದೆಯಲ್ಲಿ ಪ್ರೊಸೆಸರ್ ಸಂಖ್ಯೆಯನ್ನು ಜಾಸ್ತಿ ಮಾಡುವುದು. ಅದು ಸುಮ್ನೆ ದಂಡ. ವಿಂಡೋಸ್ ತಾನಾಗಿಯೇ ಪ್ರೊಸೆಸರಿನ ಎಲ್ಲ ಕೋರ್‌ಗಳನ್ನೂ ಬಳಸುತ್ತದೆ. ಆ ಆಯ್ಕೆ ಇರುವುದು ಕೋರ್‌ಗಳಿಗೆ ಮಿತಿ ಹಾಕಿ ಪರೀಕ್ಷೆ ಮಾಡುವವರಿಗೆ.

ಫಾಸ್ಟ್ ಸ್ಟಾರ್ಟಪ್ ವಿಷಯದಲ್ಲಿ ಮಾತ್ರ ಆನ್ ಇಡಿ, ಆಫ್ ಮಾಡಿ ಅಂತ ಎರಡು ಪಂಗಡಗಳಿವೆ, ಎರಡರಲ್ಲೂ ಸ್ವಲ್ಪ ನಿಜ ಇದೆ. ವಿಂಡೋಸ್ 8ರಿಂದ ಬಂದ ಸೌಲಭ್ಯ ಇದು. ಶಟ್‌ಡೌನ್ ಮಾಡಿದಾಗ ಕರ್ನಲ್ (ವಿಂಡೋಸ್‌ನ ತಿರುಳು) ಮತ್ತು ಡ್ರೈವರ್‌ಗಳ ಸ್ಥಿತಿಯನ್ನು ಒಂದು ಫೈಲಿಗೆ ಬರೆದಿಟ್ಟು, ಮುಂದಿನ ಸಲ ಅದನ್ನೇ ಎತ್ತಿಕೊಳ್ಳುತ್ತದೆ. ರೀಸ್ಟಾರ್ಟ್ ಮಾಡಿದರೆ ಆ ಫೈಲನ್ನು ಬಳಸುವುದಿಲ್ಲ, ಎಲ್ಲವೂ ಮೊದಲಿಂದ. ಈ ವ್ಯತ್ಯಾಸವೇ ಒಳ್ಳೆಯ ಪರೀಕ್ಷೆ. ರೀಸ್ಟಾರ್ಟ್ ಬೇಗ ಆಗಿ, ಶಟ್‌ಡೌನ್ ಮಾಡಿ ಆನ್ ಮಾಡಿದಾಗ ನಿಧಾನ ಅಂದರೆ, ಆ ಫೈಲಿನಲ್ಲೋ, ನಿದ್ದೆಯಿಂದ ಸರಿಯಾಗಿ ಏಳದ ಯಾವುದೋ ಡ್ರೈವರ್‌ನಲ್ಲೋ ಐಬಿದೆ. ಆಗ ಆಫ್ ಮಾಡುವುದೇ ಲೇಸು. ರೀಸ್ಟಾರ್ಟ್ ಮಾತ್ರ ನಿಧಾನ ಅಂದರೆ ಡ್ರೈವರ್ ಮತ್ತು ಸರ್ವಿಸ್‌ಗಳ ಕಡೆ ನೋಡಬೇಕು. ನನ್ನಲ್ಲಿ ಎರಡೂ ಒಂದೇ ಥರ ನಿಧಾನ. ಆನ್ ಇದ್ದಾಗ ಕೆಲವೇ ಸೆಕೆಂಡ್ ಉಳಿಯುತ್ತಿತ್ತು, ಹಾರ್ಡ್ ಡಿಸ್ಕ್ ಕಾಲದಲ್ಲಿ ಕಂಡಂಥ ಲಾಭ ಎಸ್‌ಎಸ್‌ಡಿಯಲ್ಲಿ ಇಲ್ಲ. ಅದೇ ಕಂಪ್ಯೂಟರಿನಲ್ಲಿ ಲಿನಕ್ಸ್ ಕೂಡ ಇಟ್ಟುಕೊಂಡವರಿಗೆ ಇದು ಕಿರಿಕಿರಿ. ವಿಂಡೋಸ್ ಇರುವ ಪಾರ್ಟಿಷನ್ (ಡಿಸ್ಕಿನ ಭಾಗ) ಅರೆನಿದ್ದೆಯಲ್ಲೇ ಇರುವುದರಿಂದ ಲಿನಕ್ಸ್‌ನಿಂದ ಅದಕ್ಕೆ ಬರೆಯಲು ಆಗುವುದಿಲ್ಲ. ನಾನು ಆಫ್ ಇಟ್ಟಿದ್ದೇನೆ.

ಇನ್ನು ನಿಜವಾಗಿ ನಾಟಿದ ಮದ್ದು. ಎಸ್‌ಎಸ್‌ಡಿ ಹಾಕಿದಾಗ ಹಳೆಯ ಹಾರ್ಡ್ ಡಿಸ್ಕನ್ನು ಫೋಟೊ, ವಿಡಿಯೊ ಇಡಲು ಒಳಗೇ ಉಳಿಸಿಕೊಂಡಿದ್ದೆ. ಬಹಳ ಜನ ಹೀಗೇ ಮಾಡುತ್ತಾರೆ. ಕಂಪ್ಯೂಟರ್ ಆಫ್ ಮಾಡಿ, ಪವರ್ ವೈರ್ ತೆಗೆದು, ಆ ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಬಿಚ್ಚಿ ಮತ್ತೆ ಆನ್ ಮಾಡಿದೆ. ಲೋಗೋ ತಕ್ಷಣ ಬಂತು, ಹಿಂದೆಯೇ ಕಪ್ಪು ಪರದೆ: ಬೂಟ್ ಆಗುವ ಸಾಧನ ಯಾವುದೂ ಇಲ್ಲವಂತೆ! ವಿಂಡೋಸ್ ಎಸ್‌ಎಸ್‌ಡಿಯಲ್ಲೇ ಇತ್ತು. ಆದರೆ ಅದನ್ನು ಎಬ್ಬಿಸುವ ಪುಟ್ಟ ಪಾರ್ಟಿಷನ್ ಹಳೆಯ ಡಿಸ್ಕಿನಲ್ಲೇ ಉಳಿದಿತ್ತು.

ಕೇಬಲ್ ಮತ್ತೆ ಸಿಕ್ಕಿಸಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಚಿತ್ರ ಸ್ಪಷ್ಟ. ಡಿಸ್ಕ್ 0 ಅಂತ ಹಳೆಯ ಹಾರ್ಡ್ ಡಿಸ್ಕ್, ಅದರ ತುದಿಯಲ್ಲಿ 100 ಎಂಬಿಯ 'ಇಎಫ್‌ಐ ಸಿಸ್ಟಮ್ ಪಾರ್ಟಿಷನ್'. ಡಿಸ್ಕ್ 1 ಅಂತ ಎಸ್‌ಎಸ್‌ಡಿ, ಅದರಲ್ಲಿ ಸಿ ಡ್ರೈವ್ ಮಾತ್ರ. ಅಂದರೆ ಪ್ರತಿ ಸಲವೂ ಮದರ್‌ಬೋರ್ಡ್ ಹಳೆಯ ಡಿಸ್ಕ್ ತಿರುಗಿ ವೇಗಕ್ಕೆ ಬರುವವರೆಗೆ ಕಾದು, ಅದರಿಂದ ಬೂಟ್‌ಲೋಡರ್ (ವಿಂಡೋಸನ್ನು ಎಬ್ಬಿಸುವ ಪ್ರೋಗ್ರಾಂ) ಓದಿ, ಆಮೇಲೆ ಎಸ್‌ಎಸ್‌ಡಿಗೆ ಬರುತ್ತಿತ್ತು. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಸಾಫ್ಟ್‌ವೇರ್ ನೋಡಿದರೆ ಆ ಡಿಸ್ಕಿನ ಆರೋಗ್ಯಕ್ಕೆ ಹಳದಿ ಬಣ್ಣ, ಓದಲಾಗದ ಸೆಕ್ಟರ್‌ಗಳು ಬೇರೆ. ಎಷ್ಟೇ ಚುರುಕಿನ ಎಸ್‌ಎಸ್‌ಡಿ ಇದ್ದರೂ ಕುಂಟುವ ಎತ್ತಿನ ಜೊತೆ ನೊಗಕ್ಕೆ ಕಟ್ಟಿದರೆ ಇನ್ನೇನಾಗುತ್ತದೆ.

ಸಿ ಡ್ರೈವನ್ನು ಸ್ವಲ್ಪ ಕುಗ್ಗಿಸಿ, ಎಸ್‌ಎಸ್‌ಡಿಯಲ್ಲೇ ಹೊಸ ಇಎಫ್‌ಐ ಪಾರ್ಟಿಷನ್ ಮಾಡಿ, ವಿಂಡೋಸ್ ಜೊತೆಗೇ ಬರುವ ಬಿಸಿಡಿಬೂಟ್ ಎಂಬ ಆಜ್ಞೆಯಿಂದ ಬೂಟ್ ಫೈಲ್‌ಗಳನ್ನು ಅಲ್ಲಿಗೆ ಬರೆಸಿದೆ. ಇದನ್ನು ಮಾಡುವ ಮುಂಚೆ ಬ್ಯಾಕಪ್ ಕಡ್ಡಾಯ. ಒಂದು ತಪ್ಪು ಡ್ರೈವ್ ಅಕ್ಷರ ಸಾಕು, ಬೇರೆ ಏನನ್ನೋ ಅಳಿಸಿಬಿಡಲು. ಹಳೆಯ ಡಿಸ್ಕ್ ಬಿಚ್ಚಿ ನೋಡಿದರೆ ಬಯಾಸ್ ಟೈಮ್ 10ಕ್ಕಿಂತ ಕೆಳಗೆ! ಡಿಸ್ಕನ್ನು ಯುಎಸ್‌ಬಿ ಡಬ್ಬಿಗೆ ಹಾಕಿಟ್ಟಿದ್ದೇನೆ, ಡೆಸ್ಕ್‌ಟಾಪ್ ಬಂದ ಮೇಲೆ ಮಾತ್ರ ಸಿಕ್ಕಿಸುತ್ತೇನೆ.

ಬಯಾಸ್ ಒಳಗಿನ ಉಳಿದ ಬದಲಾವಣೆಗಳು ಒಗ್ಗರಣೆಯ ಮಟ್ಟದವು. ಸಿಎಸ್‌ಎಂ (ಹಳೆಯ ಲೆಗಸಿ ಬೂಟ್‌ಗೆ ಅನುಕೂಲ ಮಾಡುವ ಆಯ್ಕೆ) ಆಫ್ ಮಾಡುವುದು, ಬೇಡದ ನೆಟ್‌ವರ್ಕ್ ಬೂಟ್ (ನೆಟ್‌ವರ್ಕ್ ಮೂಲಕ ಬೂಟ್ ಆಗಲು ಯತ್ನಿಸುವುದು) ತೆಗೆಯುವುದು, ಬೂಟ್ ಪಟ್ಟಿಯಲ್ಲಿ ಎಸ್‌ಎಸ್‌ಡಿಯನ್ನು ಮೊದಲಿಗೆ ತರುವುದು: ಮೂರೂ ಸೇರಿ ಕೆಲವು ಸೆಕೆಂಡ್. ಲೆಗಸಿ ಮೋಡ್‌ನಲ್ಲಿ ಹಾಕಿದ ವಿಂಡೋಸ್ ಇದ್ದರೆ ಸಿಎಸ್‌ಎಂ ಮುಟ್ಟಬೇಡಿ, ಬೂಟ್ ಆಗುವುದೇ ನಿಂತೀತು. ಡಿಡಿಆರ್5 ಮೆಮೊರಿ ಇರುವ ಹೊಸ ಬೋರ್ಡ್‌ಗಳಲ್ಲಿ ಕಥೆ ಬೇರೆ. ಅವು ಮೆಮೊರಿಯನ್ನು ಹೊಂದಿಸಿಕೊಳ್ಳಲು ತೆಗೆದುಕೊಳ್ಳುವ ಹೊತ್ತನ್ನೇ ಜನ ಎಸ್‌ಎಸ್‌ಡಿ ನಿಧಾನ ಅಂದುಕೊಳ್ಳುತ್ತಾರೆ.

ಕೇಬಲ್ ಬದಲಾಯಿಸಿಯೂ ನೋಡಿದೆ, ನನ್ನಲ್ಲಿ ಏನೂ ವ್ಯತ್ಯಾಸವಿಲ್ಲ. ಆದರೆ ಈವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್‌ನಲ್ಲಿ ಐಡಿ 129, 'ರೀಸೆಟ್ ಟು ಡಿವೈಸ್' ಅಂತ ಪದೇ ಪದೇ ಕಂಡರೆ, ಜೊತೆಗೆ ಕೇಬಲ್ ಮೂಲಕ ಡೇಟಾ ಸಾಗುವಾಗ ಆದ ತಪ್ಪುಗಳನ್ನು ಹೇಳುವ ಸಿಆರ್‌ಸಿ ಎರರ್ ಎಣಿಕೆ ದಿನೇ ದಿನೇ ಏರುತ್ತಿದ್ದರೆ, ಎಲ್ಲಕ್ಕಿಂತ ಮೊದಲು ಕೇಬಲ್ ಬದಲಾಯಿಸಿ. ಆ ಎಣಿಕೆ ಕೇಬಲ್ ಹೊಸದಾದರೂ ಇಳಿಯುವುದಿಲ್ಲ, ಏರುವುದು ನಿಂತರೆ ಸಾಕು.

ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕುವ ದಾರಿಯನ್ನು ಇನ್ನೊಂದು ಖಾಲಿ ಎಸ್‌ಎಸ್‌ಡಿ ಮೇಲೆ ಪರೀಕ್ಷಿಸಿದೆ, ಹಳೆಯ ಡಿಸ್ಕ್ ಬೇಕೆಂದೇ ಸಿಕ್ಕಿಸಿಟ್ಟು. ಹೊಚ್ಚ ಹೊಸ ವಿಂಡೋಸ್, ಆದರೂ ಬಯಾಸ್ ಟೈಮ್ ಅದೇ ಹಳೆಯದು. ಹಳೆಯ ಡಿಸ್ಕಿನಲ್ಲಿ ಇಎಫ್‌ಐ ಪಾರ್ಟಿಷನ್ ಕಂಡ ಇನ್‌ಸ್ಟಾಲರ್ ಬೂಟ್ ಫೈಲ್‌ಗಳನ್ನು ಮತ್ತೆ ಅಲ್ಲಿಗೇ ಹಾಕಿತ್ತು. ಲಾಗಿನ್ ಆದ ಮೇಲೆ ಹಗುರ ಅನಿಸಿದ್ದು ನಿಜ. ಆ ಹಗುರಕ್ಕಾಗಿ ಎಲ್ಲ ಸಾಫ್ಟ್‌ವೇರ್ ಮತ್ತೆ ಹಾಕಿಕೊಳ್ಳುವ ಪಾಡು ನನಗಂತೂ ಬೇಡ. ಮಾಡುವುದಾದರೆ ವಿಂಡೋಸ್ ಹೋಗಬೇಕಾದ ಡ್ರೈವ್ ಒಂದನ್ನೇ ಬಿಟ್ಟು ಉಳಿದವನ್ನು ಬಿಚ್ಚಿ ಮಾಡಿ.

ಕೊನೆಗೆ ಖರ್ಚಿನ ದಾರಿ, ಎನ್‌ವಿಎಂಇ ಎಂಬ ಇನ್ನೂ ವೇಗದ ಬಗೆಯ ಎಸ್‌ಎಸ್‌ಡಿ. ಕಾಗದದ ಮೇಲೆ ಅಜಗಜಾಂತರ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿಗೆ ನಿಂತರೆ, ಪಿಸಿಐಇ 3 ಎಂಬ ವೇಗದ ಸಂಪರ್ಕದ ನಾಲ್ಕು ಲೇನ್ ಬಳಸುವ ಎನ್‌ವಿಎಂಇ ಸುಮಾರು 3,500 ಮುಟ್ಟುತ್ತದೆ. ಬೂಟ್‌ನಲ್ಲಿ ಕಂಡ ಲಾಭ ಮಾತ್ರ ಎರಡು ಮೂರು ಸೆಕೆಂಡ್. ಬೂಟ್ ಆಗುವಾಗ ಓದುವುದು ಸಾವಿರಾರು ಪುಟ್ಟ ಪುಟ್ಟ ತುಣುಕುಗಳನ್ನು. ಆ ಕೆಲಸದಲ್ಲಿ ಎರಡರ ಅಂತರ ಅಷ್ಟು ದೊಡ್ಡದಲ್ಲ, ನಡುವೆ ಪ್ರೊಸೆಸರ್ ಮತ್ತು ಡ್ರೈವರ್‌ಗಳಿಗಾಗಿ ಕಾಯುವುದಂತೂ ತಪ್ಪುವುದಿಲ್ಲ. ದೊಡ್ಡ ವಿಡಿಯೊ ಫೈಲ್ ಎತ್ತಿ ಹಾಕುವವರು ಧಾರಾಳವಾಗಿ ಕೊಳ್ಳಲಿ. ಬೂಟ್ ನಿಧಾನ ಅಂತ ಕೊಳ್ಳುವುದಾದರೆ ಮೊದಲು ಬಯಾಸ್ ಟೈಮ್ ನೋಡಿ. ಕೆಲವು ಹಳೆಯ ಬೋರ್ಡ್‌ಗಳು ಎನ್‌ವಿಎಂಇಯಿಂದ ಬೂಟ್ ಆಗುವುದೇ ಇಲ್ಲ, ಅದನ್ನೂ ವಿಚಾರಿಸಿಕೊಳ್ಳಿ.