ಮಲೆನಾಡಿನ ಮಳೆಗೆ ಆರ್10 ಪೆಲೆಟ್: ಯಾವ ತೂಕ, ಯಾವ ತಲೆ?

ಚಿಕ್ಕಮಗಳೂರಿನಲ್ಲಿ 10 ಮೀಟರ್ ಗುರಿ ಅಭ್ಯಾಸಕ್ಕೆ .177 (4.5 ಮಿಮೀ ನಳಿಕೆಯ) ಏರ್ ರೈಫಲ್ ಹಿಡಿಯುವವರಿಗೆ ಆರ್‌ಡಬ್ಲ್ಯೂಎಸ್ ಆರ್10 ಮ್ಯಾಚ್ ಪೆಲೆಟ್ (ಗುರಿ ಸ್ಪರ್ಧೆಗೆಂದು ಮಾಡಿದ ಪುಟ್ಟ ಸೀಸದ ಗುಂಡು) ಕೊಟ್ಟ ದುಡ್ಡಿಗೆ ಮೋಸವಿಲ್ಲ. ಇದರಲ್ಲಿ ಎರಡು ತೂಕ: 0.45 ಗ್ರಾಂ ಮತ್ತು 0.53 ಗ್ರಾಂ. ರೈಫಲ್‌ಗೆ 0.53, ಪಿಸ್ತೂಲಿಗೆ 0.45 ಎಂಬುದು ರೂಢಿ. ಆದರೆ ಶಕ್ತಿ ಕುಂದಿದ ಹಳೆ ಸ್ಪ್ರಿಂಗ್ ರೈಫಲ್ಲಿಗೆ ಹಗುರವೇ ಒಗ್ಗೀತು.

ಪೆಲೆಟ್‌ನ ತಲೆಯ ಅಳತೆಯೇ ಮುಖ್ಯ. 4.49 ಮತ್ತು 4.50 ಮಿಮೀ ಎರಡನ್ನೂ ತನ್ನಿ. ರೈಫಲನ್ನು ಮರಳುಚೀಲದ ಮೇಲಿಟ್ಟು ಒಂದೊಂದರಲ್ಲೂ ಐದೈದು ಗುಂಡಿನ ನಾಲ್ಕು ಗುಂಪು ಹೊಡೆದು ನೋಡಿ. ಪೆಲೆಟ್ ನಳಿಕೆಯೊಳಗೆ ತೀರಾ ಸಡಿಲಾಗಿ ಜಾರಿದರೆ ಗಾಳಿ ಸೋರಿ ವೇಗ ಏರುಪೇರಾಗುತ್ತದೆ. ಒತ್ತಿ ತುರುಕಿದರೆ ಅದರ ಹಿಂದಿನ ತೆಳು ಲಂಗ (ಟೊಳ್ಳಾದ ಹಿಂಬದಿಯ ಅಂಚು) ಸೊಟ್ಟಗಾಗಿ ಗುರಿ ಚದುರುತ್ತದೆ.

ಆರ್10ರ ಚಪ್ಪಟೆ ತಲೆ ಕಾಗದದಲ್ಲಿ ಕತ್ತರಿಸಿದಂಥ ದುಂಡು ತೂತು ಮಾಡುತ್ತದೆ, ಅಂಕ ಎಣಿಸಲು ಸಲೀಸು. 25 ಮೀಟರ್ ದಾಟಿದರೆ ಮಾತ್ರ ನಂಬಬೇಡಿ.

ನಮ್ಮ ಜಡಿಮಳೆಯ ತೇವಕ್ಕೆ ಸೀಸದ ಮೇಲೆ ಬಿಳಿ ಪುಡಿ ಕೂರುತ್ತದೆ. ಡಬ್ಬಿಯೊಳಗೆ ಸಿಲಿಕಾ ಜೆಲ್ ಹಾಕಿ. ಮುಟ್ಟಿದ ಮೇಲೆ ಕೈ ತೊಳೆಯಿರಿ.

ಇದು ಕಾಗದದ ಗುರಿಗೆ ಮಾತ್ರ. ಜಿಂಕೆ, ಕಡವೆಗಳ ಬೇಟೆ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ.